ಹಿಂದು-ಮುಂದಿಲ್ಲದ ಜೀವಿ

ಸಿನಿಮಾದ ಏಲಿಯನ್‌ಗೆ ಎರಡು ಕೈ, ಎರಡು ಕಾಲು, ದೊಡ್ಡ ತಲೆ ಇರೋದು ವಿಕಾಸವಾದದ ಲೆಕ್ಕದಿಂದಲ್ಲ. ವೇಷದೊಳಗೆ ಒಬ್ಬ ನಟ ಹಿಡಿಸಬೇಕಲ್ಲ, ಅದಕ್ಕೆ. 'ಕೋಯಿ ಮಿಲ್ ಗಯಾ'ದ (2003) ಜಾದೂ ಕೂಡ ಇದೇ ಜಾತಿ.

2016ರ 'ಅರೈವಲ್' ಈ ಚಾಳಿ ಬಿಟ್ಟಿದ್ದಕ್ಕೇ ನನಗಿಷ್ಟ. ಟೆಡ್ ಚಿಯಾಂಗ್ ಅವರ 1998ರ ಕಥೆಯಿಂದ ಡೆನಿ ವಿಲ್‌ನವ್ ತೆಗೆದ ಈ ಚಿತ್ರದ ಹೆಪ್ಟಾಪಾಡ್‌ಗಳಿಗೆ ಏಳು ಕಾಲು. ಕಥೆಯಲ್ಲಂತೂ ಸುತ್ತಲೂ ಏಳು ಕಣ್ಣು. ಯಾವ ಕಡೆ ಹೊರಟರೂ ಅದೇ ಮುಂದು. ಚಿತ್ರದಲ್ಲಿ ಅವು ಬರೆಯೋ ಬಳೆಯಂಥ ಅಕ್ಷರಕ್ಕೂ ಮೊದಲು-ಕೊನೆ ಇಲ್ಲ. ದೇಹ ಬೇರೆಯಾದರೆ ಯೋಚನೆಯೂ ಬೇರೆ ಅನ್ನೋ ಈ ಊಹೆ ತೀರಾ ಗಾಳಿಗೋಪುರವೇನಲ್ಲ. ನಮ್ಮ ಭೂಮಿಯ ಆಕ್ಟೋಪಸ್‌ನ ಸುಮಾರು 50 ಕೋಟಿ ನರಕೋಶಗಳಲ್ಲಿ ಹೆಚ್ಚಿನವು ಇರೋದು ತೋಳುಗಳಲ್ಲೇ.

ಆದರೆ ಬುದ್ಧಿಯೊಂದೇ ಸಾಲದು. ನೀರೊಳಗೆ ಬೆಂಕಿ ಹಚ್ಚಲಾಗದ ಆಕ್ಟೋಪಸ್ ಲೋಹ ಕರಗಿಸೋದು ಹೇಗೆ? ಹೆಪ್ಟಾಪಾಡ್‌ನ ಕಾಲ ತುದಿ ನಕ್ಷತ್ರಮೀನಿನ ಹಾಗೆ ಅರಳಿ ಶಾಯಿ ಚಿಮ್ಮಿಸುತ್ತೆ, ಸರಿ. ಆ ದೊಡ್ಡ ನೌಕೆಯನ್ನ ಕಟ್ಟಿದ್ದೂ ಅದೇ ತುದಿಯಾ? ಎಂಥಾ ಲೋಕ ಅವಕ್ಕೆ ಏಳು ಕಾಲು ಕೊಟ್ಟಿತು? ಚಿತ್ರ ಮಂಜು ಕವಿಸಿ ಜಾರಿಕೊಳ್ಳುತ್ತೆ. ಭಾಷಾತಜ್ಞೆ, ಭೌತವಿಜ್ಞಾನಿ ಇಬ್ಬರೂ ಮುಂದಿನ ಸಾಲಲ್ಲಿದ್ದಾರೆ. ಈ ಪ್ರಶ್ನೆ ಕೇಳೋಕೆ ಒಬ್ಬ ಜೀವವಿಜ್ಞಾನಿಗೂ ಅಲ್ಲೇ ಜಾಗ ಕೊಡಬೇಕಿತ್ತು.