ಬಾಲಾನಗರದಲ್ಲಿ ಹೊಸಬನ ಮೊದಲ ತಿಂಗಳು

ಕೆಲಸಕ್ಕೆ ಸೇರಿದವನ ಕೈಗೆ ಮೊದಲ ದಿನ ಏನು ಕೊಡುತ್ತಾರೆ ಎಂದು ನೋಡಿದರೆ ಆ ಕಾರ್ಖಾನೆಯ ಬಗ್ಗೆ ಅರ್ಧ ತಿಳಿದಂತೆ. ಹೈದರಾಬಾದಿನ ಬಾಲಾನಗರದಲ್ಲಿ ಇದಕ್ಕೆ ಎರಡು ಉತ್ತರಗಳು ಸಿಗುತ್ತವೆ. ಕೇಂದ್ರೀಯ ಟೂಲ್ ಡಿಸೈನ್ ಸಂಸ್ಥೆಯಲ್ಲಿ, ಅಂದರೆ ಎಲ್ಲರೂ ಸಿಐಟಿಡಿ ಎಂದು ಕರೆಯುವ ಕಡೆ, ಕೈಗೆ ಮೊದಲು ಬರುವುದು ಕಬ್ಬಿಣ ಉಜ್ಜುವ ಫೈಲ್. 1968ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೂಲಕ ಕೇಂದ್ರ ಸರ್ಕಾರ ಕಟ್ಟಿದ ಸಂಸ್ಥೆ ಇದು. ಅಲ್ಲಿಂದ ಸ್ವಲ್ಪ ದೂರದ ಗಲ್ಲಿಗಳಲ್ಲಿ ಒಂದೇ ಶಟರಿನ ಶಾಪುಗಳಿವೆ. ಅಂಥ ಕಡೆ ಬೆಳಿಗ್ಗೆ ಬಂದವನು ಎಷ್ಟೋ ಸಲ ಮಧ್ಯಾಹ್ನಕ್ಕೆ ಮುಂಚೆ ಪವರ್ ಪ್ರೆಸ್ಸಿನ ಮುಂದೆ ಕೂತಿರುತ್ತಾನೆ. ಹೊಸಬನನ್ನು ಬರಮಾಡಿಕೊಳ್ಳುವ ಈ ಎರಡು ರೀತಿಗಳನ್ನು ತೂಗಿ ನೋಡುವುದು ಈ ಬರಹದ ಉದ್ದೇಶ.

ಬಾಲಾನಗರ ಕನ್ನಡಿಗರಿಗೆ ದೂರದ ಊರಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಎರಡು ದೊಡ್ಡ ಕಾರ್ಖಾನೆಗಳು ಇಲ್ಲಿಗೂ ಬಂದವು: ಎಚ್‌ಎಎಲ್ 1965ರಲ್ಲಿ ತನ್ನ ಏವಿಯಾನಿಕ್ಸ್ ವಿಭಾಗವನ್ನು ಇಲ್ಲಿ ತೆರೆಯಿತು, ಎಚ್‌ಎಂಟಿ ನರ್ಸಾಪುರ ರಸ್ತೆಯಲ್ಲಿ ಯಂತ್ರಗಳನ್ನು ತಯಾರಿಸಿತು. ಬೀದರ್, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ರಾಜ್ಯ ಬೇರೆಯಾದರೂ ಕೆಲಸದ ದಾರಿ ಬದಲಾಗಲಿಲ್ಲ. ಬೀದರಿನ ಬಸ್ಸು ಜಹೀರಾಬಾದ್, ಪಟಾನ್‌ಚೆರು ದಾಟಿ ಕೂಕಟ್‌ಪಲ್ಲಿಗೆ ಬಂತೆಂದರೆ ಬಾಲಾನಗರ ಪಕ್ಕದಲ್ಲೇ. ಆ ಕಡೆಯ ಐಟಿಐ ಹುಡುಗರಿಗೆ ಕನ್ನಡದ ಜೊತೆಗೆ ದಖನಿಯೂ ಗೊತ್ತು, ತೆಲುಗು ಕಿವಿಗೆ ಬಿದ್ದೇ ಇರುತ್ತದೆ. ಹಾಗಾಗಿ ಇಲ್ಲಿ ಅವರಿಗೆ ಮಾತು ಸುಲಭ.

ಈಗ ಬೆಂಚಿನ ಹತ್ತಿರ ಬರೋಣ. ಫಿಟ್ಟರ್ ಕಲಿಕೆಯ ಮೊದಲ ಪಾಠ ಮೈಲ್ಡ್ ಸ್ಟೀಲಿನ ಒಂದು ತುಂಡನ್ನು ವೈಸಿಗೆ ಕಚ್ಚಿಸಿ ಅದರ ಒಂದು ಮುಖವನ್ನು ಚಪ್ಪಟೆ ಮಾಡುವುದು. ಹೇಳಲು ಇಷ್ಟೇ. ವೈಸಿನ ಮೇಲ್ತುದಿ ಮೊಣಕೈ ಮಟ್ಟಕ್ಕಿರಬೇಕು, ಎಡಗಾಲು ಮುಂದೆ, ಬಲಗೈ ಹಿಡಿಯ ಮೇಲೆ, ಎಡಗೈ ಫೈಲಿನ ತುದಿಯ ಮೇಲೆ. ಫೈಲ್ ಮುಂದಕ್ಕೆ ಹೋಗುವಾಗ ಮಾತ್ರ ಕೊರೆಯುತ್ತದೆ. ಹಿಂದಕ್ಕೆ ಎಳೆಯುವಾಗ ಒತ್ತಿದರೆ ಹಲ್ಲು ಸವೆಯುತ್ತದೆ, ಕೆಲಸ ಆಗುವುದಿಲ್ಲ. ಹೊಸಬನ ಕೈ ತೂಗುತ್ತದೆ. ಆರಂಭದಲ್ಲಿ ಹಿಡಿಯ ಕಡೆ ತಗ್ಗುತ್ತದೆ, ಕೊನೆಯಲ್ಲಿ ತುದಿಯ ಕಡೆ. ಹಾಗಾಗಿ ತುಂಡಿನ ಎರಡು ಅಂಚೂ ಇಳಿದು ನಡು ಉಬ್ಬುತ್ತದೆ. ಕಣ್ಣಿಗೆ ಅದು ಚಪ್ಪಟೆಯಾಗಿಯೇ ಕಾಣುತ್ತದೆ. ಟ್ರೈ ಸ್ಕ್ವೇರಿನ ಅಲಗನ್ನು ಮೇಲಿಟ್ಟು ಬೆಳಕಿಗೆ ಹಿಡಿದಾಗ ಎರಡೂ ಬದಿಯಲ್ಲಿ ಬೆಳಕಿನ ಸಣ್ಣ ಗೆರೆ ನುಸುಳುತ್ತದೆ. ಮತ್ತೆ ಉಜ್ಜಬೇಕು. ಹಲ್ಲುಗಳ ಸಂದಿಯಲ್ಲಿ ಚೂರು ಸಿಕ್ಕಿಕೊಂಡರೆ ಮುಖದ ಮೇಲೆ ಗೀರು ಬೀಳುತ್ತದೆ, ಅದಕ್ಕೆ ಫೈಲಿಗೆ ಸೀಮೆಸುಣ್ಣ ತಿಕ್ಕಿಕೊಳ್ಳಬೇಕು. ಮುಂದೆ ಸರ್ಫೇಸ್ ಪ್ಲೇಟಿನ ಮೇಲೆ ಪ್ರಷ್ಯನ್ ಬ್ಲೂ ಸವರಿ ತುಂಡನ್ನು ಮೆಲ್ಲಗೆ ಆಡಿಸಿದರೆ ಎಲ್ಲೆಲ್ಲಿ ನೀಲಿ ಹತ್ತಿತೋ ಅಲ್ಲೆಲ್ಲ ಉಬ್ಬು ಇದೆ ಎಂದು ಲೆಕ್ಕ. ಅಷ್ಟನ್ನೇ ತೆಗೆಯಬೇಕು, ಪಕ್ಕದ್ದನ್ನು ಮುಟ್ಟಬಾರದು.

ಸಿಎನ್‌ಸಿ ಯಂತ್ರಗಳ ಕಾಲದಲ್ಲಿ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಎರಡು ದಿನ ಉಜ್ಜಿದ ಮುಖವನ್ನು ಮಿಲ್ಲಿಂಗ್ ಯಂತ್ರ ಕೆಲವೇ ನಿಮಿಷಗಳಲ್ಲಿ, ಹೆಚ್ಚು ನೇರವಾಗಿ ಮಾಡಿಬಿಡುತ್ತದೆ. ಆದರೂ ಹೊಸಬನಿಗೆ ಇದಕ್ಕಿಂತ ಒಳ್ಳೆಯ ಆರಂಭವನ್ನು ನಾನು ಕಂಡಿಲ್ಲ. ಇಲ್ಲಿ ಕೆಡಿಸಲು ಅವಕಾಶವಿದೆ. ಕೆಟ್ಟರೆ ಹೋಗುವುದು ಅಗ್ಗದ ಒಂದು ಕಬ್ಬಿಣದ ತುಂಡು. ಗಿರಾಕಿಯ ಆರ್ಡರೂ ನಿಲ್ಲುವುದಿಲ್ಲ, ಯಾರ ಬೆರಳೂ ಹೋಗುವುದಿಲ್ಲ. ತಪ್ಪಾಗಿದೆ ಎಂದು ಹೇಳಲು ಮೇಲಿನವರು ಬೇಕಿಲ್ಲ, ಬೆಳಕಿನ ಗೆರೆಯೇ ಹೇಳುತ್ತದೆ. ಬೈಗುಳವಿಲ್ಲದೆ ತನ್ನ ತಪ್ಪನ್ನು ತಾನೇ ಕಂಡುಕೊಳ್ಳುವ ಅಭ್ಯಾಸ ಮೊದಲ ತಿಂಗಳಲ್ಲೇ ಕೈಗೆ ಹತ್ತಿದರೆ ಅದು ಯಾವ ಯಂತ್ರದ ಮುಂದೆ ಹೋದರೂ ಜೊತೆಗೆ ಬರುತ್ತದೆ. ಸಿಎನ್‌ಸಿಯಲ್ಲಿ ಟೂಲ್ ಆಫ್‌ಸೆಟ್ ಹಾಕುವಾಗ 0.05ರ ಬದಲು 0.5 ಎಂದು ಒತ್ತಿದವನಿಗೆ ಆ ಎರಡರ ನಡುವಿನ ಅಂತರ ಎಷ್ಟೆಂದು ಬೆರಳಿಗೆ ಗೊತ್ತಿರಬೇಕು. ಅರ್ಧ ಮಿಲಿಮೀಟರ್ ಕಬ್ಬಿಣವನ್ನು ಕೈಯಿಂದ ಉಜ್ಜಿ ತೆಗೆದವನು ಆ ಅಂಕಿಯನ್ನು ಪರದೆಯ ಮೇಲೆ ಕಂಡರೆ ಒಂದು ಕ್ಷಣ ನಿಲ್ಲುತ್ತಾನೆ.

ಬೆಂಚನ್ನು ಹೊಗಳಿದ ಮೇಲೆ ಅದರ ಸುತ್ತ ಬೆಳೆದುಕೊಂಡಿರುವ ಕೆಟ್ಟ ಚಾಳಿಗಳನ್ನೂ ಹೇಳಬೇಕು. ಹಳೆಯ ಶಾಪುಗಳಲ್ಲಿ ಉಸ್ತಾದನ ಮೌನವನ್ನೇ ವಿದ್ಯೆ ಎಂದು ನಂಬಿಸಲಾಗಿದೆ. ಹೊಸಬ ಚಹಾ ತರಬೇಕು, ಚಿಪ್ಸ್ ಗುಡಿಸಬೇಕು, ನೋಡಿ ನೋಡಿ ಕಲಿಯಬೇಕು. ಕೇಳಿದರೆ ‘ಇಷ್ಟೂ ಗೊತ್ತಿಲ್ವಾ?’ ಎಂಬ ಮಾತು. ಹುಡುಗ ಎರಡನೆಯ ಸಲ ಕೇಳುವುದಿಲ್ಲ. ಮೈಕ್ರೋಮೀಟರಿನ ರ‍್ಯಾಚೆಟ್ ಬಿಟ್ಟು ತಿಂಬಲ್ ಹಿಡಿದು ಬಿಗಿಮಾಡುವ ತಪ್ಪು ವರ್ಷಗಟ್ಟಲೆ ಉಳಿಯುವುದು ಹೀಗೆಯೇ. ಫೈಲಿನ ಪಾಠ ತಾಳ್ಮೆ ಕಲಿಸುತ್ತದೆ ಎಂಬ ನೆಪದಲ್ಲಿ ಹುಡುಗರನ್ನು ತಿಂಗಳುಗಟ್ಟಲೆ ಒಂದೇ ಕೆಲಸದಲ್ಲಿ ಬಿಟ್ಟುಬಿಡುವುದೂ ಉಂಟು. ಅದನ್ನು ಕಲಿಕೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಹುಡುಗ ಫೈಲಿನಿಂದ ಮಾಡಿದ ಪುರುಷ ಮತ್ತು ಸ್ತ್ರೀ ತುಂಡುಗಳು, ಅಂದರೆ ಉಬ್ಬಿನದು ಮತ್ತು ಅದಕ್ಕೆ ಹೊಂದುವ ತಗ್ಗಿನದು, ಒಂದರೊಳಗೊಂದು ಕೂತು, ತಿರುಗಿಸಿ ಕೂರಿಸಿದರೂ ಬೆಳಕು ನುಸುಳದಿದ್ದರೆ ಆ ಪಾಠ ಮುಗಿಯಿತು; ಅದರಾಚೆಗೆ ಅವನನ್ನು ಅಲ್ಲೇ ನಿಲ್ಲಿಸುವುದು ಸಂಬಳ ಉಳಿಸುವ ಉಪಾಯ.

ಕಾರ್ಪೊರೇಟ್ ಆಫೀಸುಗಳಲ್ಲಿ ಹೊಸ ಕೆಲಸದ ಆರಂಭಕ್ಕೆ ಬೇರೊಂದು ಶಾಸ್ತ್ರವೇ ಇದೆ. ಮೈಕೆಲ್ ವಾಟ್ಕಿನ್ಸ್ 2003ರಲ್ಲಿ ಬರೆದ ‘ದಿ ಫಸ್ಟ್ 90 ಡೇಸ್’ ಅದರ ಮೂಲಗ್ರಂಥ. ಹೊಸಬ ಮೊದಮೊದಲು ಸಂಸ್ಥೆಯಿಂದ ಪಡೆಯುವುದೇ ಹೆಚ್ಚು, ಕೊಡುವುದು ಕಡಿಮೆ. ಎರಡೂ ಸಮವಾಗುವ ದಿನವನ್ನು ಹತ್ತಿರ ತಂದುಕೊಳ್ಳಬೇಕು ಎಂಬುದು ಅದರ ತಿರುಳು. ಅದಕ್ಕೆ ಸೂಚಿಸುವ ದಾರಿಗಳಲ್ಲಿ ಬೇಗ ಕಲಿಯುವುದೂ ಒಂದು, ಕಣ್ಣಿಗೆ ಬೀಳುವ ಸಣ್ಣ ಗೆಲುವುಗಳನ್ನು ಬೇಗ ಗಳಿಸುವುದೂ ಒಂದು. ಪುಸ್ತಕ ಬರೆದದ್ದು ಮ್ಯಾನೇಜರುಗಳಿಗಾಗಿ, ಆ ಮಟ್ಟಿಗೆ ಅದರಲ್ಲಿ ಹುರುಳಿದೆ. ಕಲಿಕೆಯನ್ನು ಅದು ಗೆಲುವಿಗಿಂತ ಮೊದಲೇ ಇಡುತ್ತದೆ. ಅದು ಬಾಯಿಂದ ಬಾಯಿಗೆ ದಾಟುವಾಗ ಮಾತ್ರ ಕಲಿಕೆ ಉದುರಿಹೋಗಿ ಗೆಲುವು ಉಳಿಯುತ್ತದೆ. ಈ ಸಲಹೆ ಶಾಪ್ ಫ್ಲೋರಿಗೆ ಇಳಿದರೆ ಅಪಾಯ. ಮೂರನೆಯ ದಿನವೇ ‘ನನಗೆ ಬರುತ್ತದೆ’ ಎಂದು ತೋರಿಸಿಕೊಳ್ಳಲು ಹೊರಟ ಟರ್ನರ್ ಚಕ್ಕಿನಲ್ಲೇ ಕೀ ಬಿಟ್ಟು ಲೇತ್ ಶುರು ಮಾಡುತ್ತಾನೆ. ಇನ್ನೊಂದು ಕೊರತೆ ನನಗೆ ದೊಡ್ಡದಾಗಿ ಕಾಣುತ್ತದೆ: ಒಳ್ಳೆಯ ಆರಂಭದ ಭಾರವನ್ನೆಲ್ಲ ಈ ಶಾಸ್ತ್ರ ಹೊಸಬನ ಹೆಗಲಿಗೇ ಹಾಕುತ್ತದೆ. ಬೆಂಚು ಹಾಕಿಸಬೇಕಾದವರು ಮಾಲೀಕರು. ಸ್ಟೀಲಿನ ತುಂಡು, ಹಲ್ಲು ಸವೆಯದ ಫೈಲ್, ಪಕ್ಕದಲ್ಲಿ ನಿಂತು ನೋಡುವ ಒಬ್ಬ ಹಿರಿಯ, ಇವನ್ನೆಲ್ಲ ಹುಡುಗ ಊರಿಂದ ತರಲಾರ.

ಆ ಖರ್ಚು ವ್ಯರ್ಥವಾಗುವುದಿಲ್ಲ ಎನ್ನುವುದಕ್ಕೆ ಬಾಲಾನಗರವೇ ಸಾಕ್ಷಿ. ಇಸ್ರೋ ರಾಕೆಟ್ಟುಗಳಿಗೆ, ಅಣು ವಿದ್ಯುತ್ ಸ್ಥಾವರಗಳಿಗೆ ಸೂಕ್ಷ್ಮ ಭಾಗಗಳನ್ನು ಮಾಡಿಕೊಡುವ ಎಂಟಿಎಆರ್ ಕಂಪನಿಯನ್ನು 1970ರಲ್ಲಿ ಇಲ್ಲಿ ಕಟ್ಟಿದ ಎಂಜಿನಿಯರುಗಳು ಎಚ್‌ಎಂಟಿಯಲ್ಲಿ ಪಳಗಿ ಹೊರಬಂದವರು. ಸೋವಿಯತ್ ನೆರವಿನ ಐಡಿಪಿಎಲ್ ಔಷಧ ಕಾರ್ಖಾನೆಯೂ ಇಲ್ಲಿತ್ತು. ಅಲ್ಲಿ ಕೆಲಸ ಮಾಡಿದ ಕೆ. ಅಂಜಿ ರೆಡ್ಡಿ 1984ರಲ್ಲಿ ಡಾ. ರೆಡ್ಡೀಸ್ ಆರಂಭಿಸಿದರು. ಐಡಿಪಿಎಲ್ ಮುಳುಗಿತು, ಎಚ್‌ಎಂಟಿ ಸೊರಗಿತು. ಅವು ನಷ್ಟದ ಕಾರ್ಖಾನೆಗಳೆಂದು ಬರೆಯುವವರು ಅಲ್ಲಿ ಕೆಲಸ ಕಲಿತವರು ಆಮೇಲೆ ಎಲ್ಲೆಲ್ಲಿ ದುಡಿದರು ಎಂಬುದನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ. ಕರ್ನಾಟಕದಲ್ಲಿ ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಶುರುವಾದ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇದೇ ಬುದ್ಧಿಯನ್ನು ಇನ್ನಷ್ಟು ಚೊಕ್ಕವಾಗಿ ಹಿಡಿದಿದೆ: ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಸಂಸ್ಥೆಯೊಳಗೆ, ಕೊನೆಯ ಒಂದು ವರ್ಷ ಕಾರ್ಖಾನೆಯಲ್ಲಿ. ಕೆಲಸದ ಮೊದಲ ವರ್ಷವನ್ನು ಕಲಿಕೆಯ ಕೊನೆಯ ವರ್ಷದೊಳಗೇ ಇಟ್ಟದ್ದು ಜಾಣತನ.

ಕಾನೂನು ಇಷ್ಟು ಜಾಣತನ ತೋರಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಒಳ್ಳೆಯ ಉದ್ದೇಶದ್ದು. ಅಪ್ರೆಂಟಿಸ್ ಕಲಿಯುವವನೇ ಹೊರತು ಕಾರ್ಮಿಕನಲ್ಲ ಎಂದು ಅದು ಹೇಳುತ್ತದೆ. ಆ ಮಾತು ಅವನನ್ನು ಉತ್ಪಾದನೆಯ ಒತ್ತಡದಿಂದ ಕಾಯಬೇಕಿತ್ತು. ಆದರೆ ಅದೇ ಮಾತಿನಿಂದ ಕಾರ್ಮಿಕ ಕಾನೂನಿನ ಬಹುಪಾಲು ರಕ್ಷಣೆಯೂ ಅವನ ಕೈತಪ್ಪುತ್ತದೆ. ಅವಧಿ ಮುಗಿದ ಮೇಲೆ ಅವನನ್ನು ಉಳಿಸಿಕೊಳ್ಳಲೇಬೇಕೆಂದೂ ಇಲ್ಲ. ಹಾಗಾಗಿ ಒಂದು ಕಡೆ ಒಂದು ವರ್ಷ, ಇನ್ನೊಂದು ಕಡೆ ಮತ್ತೊಂದು ವರ್ಷ ಎಂದು ಸರ್ಟಿಫಿಕೇಟುಗಳ ಫೈಲ್ ಹಿಡಿದು ಓಡಾಡುವ ಹುಡುಗರಿದ್ದಾರೆ. ಎಷ್ಟು ಸಲ ಆರಂಭಿಸಿದರೂ ಅವರಿಗೆ ಕೆಲಸ ಆರಂಭವಾಗಿರುವುದಿಲ್ಲ. 2019ರ ನಿಯಮದ ಪ್ರಕಾರ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅದಕ್ಕಿಂತ ಚಿಕ್ಕವಕ್ಕೆ ಕಡ್ಡಾಯವಿಲ್ಲ. ಒಂದೇ ಶಟರಿನ ಶಾಪಿನಲ್ಲಿ 30 ಜನ ಎಲ್ಲಿಂದ ಬರಬೇಕು? ಹೊಸಬನಿಗೆ ಎಲ್ಲಿ ಅಪಾಯ ಹೆಚ್ಚೋ ಆ ಬಾಗಿಲಿಗೆ ಸರಿಯಾಗಿ ಕಾಯ್ದೆ ನಿಂತುಬಿಡುತ್ತದೆ.

ಆ ಬಾಗಿಲೊಳಗೆ ಪ್ರೆಸ್ ಇದೆ. ಪವರ್ ಪ್ರೆಸ್ಸಿಗೆ ಎರಡು ಬಟನ್ ಇಡುವುದು ಎರಡೂ ಕೈ ಡೈಯಿಂದ ಹೊರಗಿರಲಿ ಎಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ರ‍್ಯಾಮ್ ಇಳಿಯಬೇಕು. ಒಂದು ಬಟನ್ನಿಗೆ ರಬ್ಬರ್ ತುಂಡು ಸಿಕ್ಕಿಸಿ, ಇನ್ನೊಂದನ್ನು ಮಾತ್ರ ಒತ್ತುತ್ತ ಖಾಲಿ ಕೈಯಿಂದ ಪೀಸ್ ತೆಗೆದರೆ ಗಂಟೆಗೆ ಹೆಚ್ಚು ಪೀಸ್ ಬೀಳುತ್ತವೆ. ಮೊದಲ ದಿನ ಬಂದವನಿಗೆ ಆ ರಬ್ಬರ್ ಆಮೇಲೆ ಯಾರೋ ಸೇರಿಸಿದ್ದು ಎಂದು ತಿಳಿಯುವುದಿಲ್ಲ. ಯಂತ್ರ ಇರುವುದೇ ಹಾಗೆ ಎಂದುಕೊಳ್ಳುತ್ತಾನೆ. ಗುರುಗ್ರಾಮ, ಮಾನೇಸರದ ವಾಹನ ಬಿಡಿಭಾಗಗಳ ಕಾರ್ಖಾನೆಗಳಲ್ಲಿ ಗಾಯಗೊಂಡವರನ್ನು ಕಂಡು ಮಾತಾಡಿಸಿ, ಸೇಫ್ ಇನ್ ಇಂಡಿಯಾ ಎಂಬ ಸಂಸ್ಥೆ 2019ರಿಂದ ವರದಿಗಳನ್ನು ತರುತ್ತಿದೆ. ಬೆರಳು ಹೋಗುವುದಕ್ಕೆ ಮುಖ್ಯ ಕಾರಣ ಪವರ್ ಪ್ರೆಸ್ ಎಂದು, ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಹೊರರಾಜ್ಯಗಳಿಂದ ಬಂದವರೆಂದು ಅವು ಹೇಳುತ್ತವೆ. ಊರಿಂದ ಬಂದವರು, ಭಾಷೆ ಬಾರದವರು, ಕೇಳಲು ಅಂಜುವವರು: ಬಾಲಾನಗರದ ಪ್ರೆಸ್ಸಿನ ಮುಂದೆ ಕೂರುವ ಹೊಸಬನೂ ಎಷ್ಟೋ ಸಲ ಇವರಂಥವನೇ.

ಚಿಕ್ಕ ಶಾಪಿನವರು ಆರು ತಿಂಗಳ ಬೆಂಚು ಹಾಕಿಸಲಾರರು, ಒಪ್ಪುತ್ತೇನೆ. ಆದರೆ ಅವರಿಂದಲೂ ಆಗುವ ಕೆಲಸಗಳಿವೆ. ಮೊದಲ ವಾರ ಹೊಸಬನನ್ನು ಪೀಸ್ ಲೆಕ್ಕಕ್ಕೆ ಹಾಕದಿರಬಹುದು. ವರ್ನಿಯರ್ ಹಿಡಿಸಿ, ರಿಜೆಕ್ಟ್ ಆದ ಪೀಸುಗಳ ರಾಶಿಯನ್ನು ಅಳೆಯಲು ಹಚ್ಚಬಹುದು. ಎಲ್ಲಿ ತಪ್ಪಾಗಿದೆ ಎಂದು ಅವನೇ ಚೀಟಿಯಲ್ಲಿ ಬರೆಯಲಿ, ಸಂಜೆ ಹಿರಿಯನೊಬ್ಬ ಅದನ್ನು ನೋಡಲಿ. ಪ್ರೆಸ್ಸಿನ ಎರಡೂ ಬಟನ್ ಯಾಕಿವೆ ಎಂದು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿಸಬಹುದು. ಬೀದರಿನ ಹುಡುಗನಿಗೆ ಕನ್ನಡದಲ್ಲೋ ದಖನಿಯಲ್ಲೋ ಹೇಳುವವರು ಆ ಗಲ್ಲಿಯಲ್ಲಿ ಹೇಗೂ ಸಿಗುತ್ತಾರೆ. ಒಡಿಶಾದಿಂದ, ಬಿಹಾರದಿಂದ ಬಂದವನಿಗೆ ಹೇಳುವವರನ್ನು ಮಾಲೀಕರೇ ಹುಡುಕಬೇಕು. ಗೋಡೆಯ ಮೇಲೆ ತೆಲುಗು, ಇಂಗ್ಲಿಷಿನ ಬೋರ್ಡು ತೂಗುಹಾಕಿದರೆ ಆ ಹೊಣೆ ತೀರುವುದಿಲ್ಲ. 1987ರಲ್ಲಿ ಫ್ಯಾಕ್ಟರಿ ಕಾಯ್ದೆಗೆ ಮಾಡಿದ ತಿದ್ದುಪಡಿ ಸುರಕ್ಷತೆಯ ಮಾಹಿತಿ ಮತ್ತು ತರಬೇತಿಯನ್ನು ಕಾರ್ಮಿಕನ ಹಕ್ಕೆಂದೇ ಬರೆದಿತ್ತು. ಆ ಹಕ್ಕನ್ನು ಕೇಳುವುದು ಹೇಗೆಂದು ಹೊಸಬನಿಗೆ ಹೇಳಿಕೊಡುವ ಕೆಲಸ ಸೇರಿದ ದಿನವೇ, ಯಂತ್ರದ ಸ್ವಿಚ್ ತೋರಿಸುವುದಕ್ಕೂ ಮೊದಲು ಆಗಬೇಕು.