ಟ್ಯಾಂಕನ್ನು ಬೀಳು ಬಿಡಿ

ನಾರಾಯಣಪುರದ ಓದುಗರೊಬ್ಬರು ಚುಟುಕಾಗಿ ಬರೆದಿದ್ದಾರೆ. ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದಾರೆ. ದೀಪಾವಳಿಗೆ ತಂದ ಎರಡು ನೀಮೋ, ಅಂದರೆ ಕ್ಲೌನ್ ಮೀನು, ಮೂರನೇ ದಿನಕ್ಕೆ ಸತ್ತವು. ಆಮೇಲೆ ತಂದ ನೀಲಿ ಟ್ಯಾಂಗ್ ಮೂರು ವಾರ ಚೆನ್ನಾಗಿತ್ತು, ಮೈಮೇಲೆ ರವೆಯಂಥ ಬಿಳಿ ಚುಕ್ಕೆ ಎದ್ದವು, ಹೋಗಿ ಬಂದು ಮಾಡಿದವು, ಕಡೆಗೆ ಸತ್ತಿತು. ಮತ್ತೆ ಎರಡು ನೀಮೋ ಬಂದವು. ಅವು ಐದನೇ ದಿನ ಉಸಿರಿಗೆ ಬಡಿದಾಡಿ ಒಂದೇ ರಾತ್ರಿಯಲ್ಲಿ ಮುಗಿದವು. ಪತ್ರದ ಕೊನೆಯ ಸಾಲು: ‘ಡ್ಯಾಮಿನ ನೀರ್ನ್ಯಾಗ ಏನರ ಐತೇನ್ರಿ? ಬ್ಯಾರೆ ಮೀನ ಯಾವ್ದು ತರ್ಲಿ?’

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಡ್ಯಾಮಿನ ನೀರಿನ ತಪ್ಪೇನಿಲ್ಲ. ಕೃಷ್ಣೆಗೆ ಕಟ್ಟಿದ, 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರ ಅಣೆಕಟ್ಟು ತುಂಬಿದಾಗ ಅದರಲ್ಲಿ ಸುಮಾರು 33 ಟಿಎಂಸಿ ನೀರಿರುತ್ತದೆ. ಲೀಟರಿನ ಲೆಕ್ಕದಲ್ಲಿ 93 ಸಾವಿರ ಕೋಟಿಗೂ ಹೆಚ್ಚು. ಅಲ್ಲಿ ಒಂದು ಮೀನು ಸತ್ತರೆ ಪಕ್ಕದ ಮೀನಿಗೆ ಗೊತ್ತೂ ಆಗುವುದಿಲ್ಲ. 200 ಲೀಟರಿನಲ್ಲಿ ಸತ್ತರೆ ಉಳಿದವುಗಳಿಗೆ ಅದೇ ವಿಷ. ಅದೂ ಅಲ್ಲದೆ ಇವರ ಟ್ಯಾಂಕಿಗೆ ಕೃಷ್ಣೆಯ ನೀರು ನೇರವಾಗಿ ಹೋಗಿಯೇ ಇಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತಂದು ಅದಕ್ಕೆ ಪ್ಯಾಕೆಟ್ಟಿನ ಸಮುದ್ರದ ಉಪ್ಪು ಕರಗಿಸಿದ್ದಾರೆ. ಒಳ್ಳೆಯ ಪದ್ಧತಿ. ಆದರೆ ಕುಡಿಯುವ ನೀರಿನ ಘಟಕದವರು ನಾಲಗೆಗೆ ರುಚಿ ಇರಲೆಂದು ಖನಿಜವನ್ನು ಒಂದಿಷ್ಟು ಉಳಿಸುತ್ತಾರೆ. ನಮಗೆ ಬೇಕಾದದ್ದು ಅದೂ ಇಲ್ಲದ ನೀರು. ಕರಗಿದ ಖನಿಜ ಅಳೆಯುವ ಟಿಡಿಎಸ್ ಮೀಟರ್ ಅಗ್ಗದ ಸಾಮಾನು, ಒಂದು ಇಟ್ಟುಕೊಳ್ಳಿ, ಹತ್ತರೊಳಗೆ ತೋರಿಸಿದರೆ ಸಾಕು.

ಎರಡನೇ ಪ್ರಶ್ನೆಗೆ ನನ್ನ ಉತ್ತರ ಅವರಿಗೆ ಹಿಡಿಸಲಿಕ್ಕಿಲ್ಲ. ಯಾವ ಮೀನನ್ನೂ ತರಬೇಡಿ.

ಐದೂ ಮೀನು ಒಂದೇ ಕಾರಣಕ್ಕೆ ಸತ್ತಿಲ್ಲ. ಈ ಹವ್ಯಾಸದಲ್ಲಿ ಪಳಗಿದವರು ಮೊದಲು ಕೇಳುವುದು ಮೀನು ಯಾವುದು ಎಂದಲ್ಲ, ತಂದ ಎಷ್ಟನೇ ದಿನ ಸತ್ತಿತು ಎಂದು. ಎರಡು ಮೂರು ದಿನದಲ್ಲಿ ಹೋದರೆ ನೀರನ್ನೋ ಪ್ರಯಾಣವನ್ನೋ ಶಂಕಿಸಬೇಕು. ವಾರದೊಳಗೆ ಹೋದರೆ ಅಂಗಡಿಯಿಂದ ಅಂಟಿಕೊಂಡು ಬಂದ ಚುರುಕಾದ ರೋಗ. ಮೂರು ನಾಲ್ಕು ವಾರ ನರಳಿದರೆ ನಿಧಾನದ ರೋಗ. ಒಂದೆರಡು ತಿಂಗಳು ಬದುಕಿ ಬೆನ್ನು ಸಣ್ಣಗಾಗಿ ಸತ್ತರೆ ಹಸಿವು. ಎಲ್ಲವೂ ಒಂದೇ ರಾತ್ರಿ ಸತ್ತರೆ ಪ್ರಾಣವಾಯುವಿನ ಕೊರತೆ, ಇಲ್ಲವೇ ಹೊರಗಿನ ವಿಷ. ಈ ಲೆಕ್ಕ ಪಂಚಾಂಗದಷ್ಟು ಕರಾರುವಾಕ್ಕಲ್ಲ, ಆದರೂ ಹತ್ತರಲ್ಲಿ ಎಂಟು ಸಲ ದಾರಿ ತೋರಿಸುತ್ತದೆ ಎಂಬುದು ನನ್ನ ನಂಬಿಕೆ.

ಮೊದಲ ಜೋಡಿಯನ್ನು ನೋಡೋಣ. ಹೊಸ ಟ್ಯಾಂಕು, ಹೊಸ ಉಪ್ಪು, ಹೊಸ ಕಲ್ಲು. ಮೀನಿನ ಉಚ್ಚೆ, ಹೇಲು, ಉಳಿದ ಆಹಾರ ಎಲ್ಲ ಅಮೋನಿಯಾ ಆಗುತ್ತದೆ. ಅದನ್ನು ನೈಟ್ರೈಟ್ ಮಾಡುವ, ಆ ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲು ಮರಳಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಇದು ಗೊತ್ತಿಲ್ಲದ ಕಾಲವೂ ಇತ್ತು. ಇಂಗ್ಲೆಂಡಿನ ಫಿಲಿಪ್ ಗಾಸ್ 1854ರಲ್ಲಿ ಅಕ್ವೇರಿಯಂ ಬಗ್ಗೆ ಪುಸ್ತಕ ಬರೆದಾಗ ಅಲ್ಲಿನ ಮಧ್ಯಮ ವರ್ಗವೆಲ್ಲ ಕಡಲತೀರಕ್ಕೆ ಬಕೆಟ್ ಹಿಡಿದು ಓಡಿತ್ತು. ಹತ್ತು ವರ್ಷ ಕಳೆಯುವುದರೊಳಗೆ ಆ ಹುಚ್ಚು ಇಳಿಯಿತು, ತಂದದ್ದೆಲ್ಲ ಸಾಯುತ್ತಿದ್ದದ್ದೂ ಒಂದು ಕಾರಣ. ಈ ಬ್ಯಾಕ್ಟೀರಿಯಾಗಳನ್ನು ಸೆರ್ಗೆಯ್ ವಿನೊಗ್ರಾದ್‌ಸ್ಕಿ ಬೇರ್ಪಡಿಸಿ ತೋರಿಸಿದ್ದು 1890ರ ಹೊತ್ತಿಗೆ. ಗಾಸ್‌ನ ಕಾಲದವರಿಗೆ ಅಜ್ಞಾನದ ರಿಯಾಯಿತಿ ಕೊಡಬಹುದು. ನಮಗಿಲ್ಲ.

ಸಿಹಿನೀರಿನಲ್ಲಿ ಗೋಲ್ಡ್‌ಫಿಶ್ ಸಾಕಿ ಗೆದ್ದವರು ಉಪ್ಪುನೀರಿಗೆ ಬಂದು ಮೊದಲು ಎಡವುವುದೂ ಇಲ್ಲೇ. ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸು. ಪಿಎಚ್ ಏಳು ಇರುವ ನೀರಿಗಿಂತ ಅಲ್ಲಿ ಅಷ್ಟೇ ಅಮೋನಿಯಾ ಹತ್ತು ಪಟ್ಟಿಗೂ ಹೆಚ್ಚು ವಿಷ. ಇದಕ್ಕೆ ಪ್ರಯಾಣವನ್ನೂ ಸೇರಿಸಿ. ಮುಂಬೈಯಿಂದಲೋ ಚೆನ್ನೈಯಿಂದಲೋ ರೈಲಿನಲ್ಲಿ ಯಾದಗಿರಿಗೆ ಬಂದು, ಅಲ್ಲಿಂದ ಶಹಾಪುರ, ಸುರಪುರ, ಹುಣಸಗಿ ದಾಟುವಷ್ಟರಲ್ಲಿ ಮೀನು ತನ್ನ ಚೀಲದೊಳಗೆ ತಾನೇ ಉಚ್ಚೆ ಹೊಯ್ದುಕೊಂಡು ಕೂತಿರುತ್ತದೆ. ಅದರ ಉಸಿರಿನ ಇಂಗಾಲಾಮ್ಲ ಚೀಲದ ಪಿಎಚ್ ಇಳಿಸಿರುವುದರಿಂದ ಆ ಅಮೋನಿಯಾ ಅಷ್ಟು ಕಾಡಿರುವುದಿಲ್ಲ. ಚೀಲ ಬಿಚ್ಚಿದೊಡನೆ ಆ ಅನಿಲ ಹಾರಿಹೋಗಿ ಪಿಎಚ್ ಏರುತ್ತದೆ, ಅಮೋನಿಯಾಕ್ಕೆ ಹಲ್ಲು ಬರುತ್ತದೆ. ಅಂಥ ಹೊತ್ತಿನಲ್ಲಿ ನಮ್ಮವರು ಮಾಡುವುದೇನು? ಯಾರೋ ಹೇಳಿದರೆಂದು ಸಣ್ಣ ಪೈಪು ಇಳಿಬಿಟ್ಟು, ಹನಿ ಹನಿಯಾಗಿ ಟ್ಯಾಂಕಿನ ನೀರನ್ನು ಎರಡು ತಾಸು ಬೆರೆಸುತ್ತ ಕೂರುತ್ತಾರೆ. ಮೀನಿಗೆ ಆ ಎರಡು ತಾಸೂ ವಿಷದ ಸ್ನಾನ. ದೂರದಿಂದ ಬಂದ ಮೀನಿಗೆ ಈ ಹನಿ ಉಪಚಾರ ಬೇಡ. ಅಂಗಡಿಯ ನೀರಿನ ಉಪ್ಪಿನಂಶ ಎಷ್ಟೆಂದು ಮೊದಲೇ ಕೇಳಿ, ಬರುವ ಮೀನಿಗಾಗಿ ಅದೇ ಉಪ್ಪಿನ ನೀರು ತಯಾರಿಟ್ಟು, ಚೀಲ ತೇಲಿಸಿ ಉಷ್ಣತೆ ಸರಿಹೊಂದಿಸಿ, ಬಿಚ್ಚಿದ ಕೂಡಲೇ ಮೀನನ್ನಷ್ಟೇ ಎತ್ತಿ ಬಿಡಿ. ಚೀಲದ ನೀರು ಬಚ್ಚಲಿಗೆ.

ನೀಲಿ ಟ್ಯಾಂಗಿನದು ಬೇರೆ ಕಥೆ. ರವೆ ಉದುರಿಸಿದಂಥ ಚುಕ್ಕೆ, ಬರುವುದು, ಮಾಯವಾಗುವುದು, ಮತ್ತೆ ದುಪ್ಪಟ್ಟಾಗಿ ಬರುವುದು. ಇದು ಕ್ರಿಪ್ಟೋಕ್ಯಾರಿಯಾನ್ ಎಂಬ ಪರಾವಲಂಬಿ, ಹವ್ಯಾಸಿಗಳ ಬಾಯಲ್ಲಿ ‘ಇಚ್’. ಚುಕ್ಕೆ ಮಾಯವಾದಾಗ ಮನೆಮಂದಿ ಗುಣವಾಯಿತೆಂದು ಖುಷಿಪಡುತ್ತಾರೆ. ಆಗ ಅದು ಮೀನಿನ ಮೈಯಿಂದ ಕಳಚಿ ಮರಳಿಗೆ ಇಳಿದಿರುತ್ತದೆ, ಅಲ್ಲಿ ಗೂಡು ಕಟ್ಟಿ ನೂರಾರು ಮರಿಗಳಾಗಿ ಒಡೆಯುತ್ತದೆ. ಈಜಿ ಹೊರಟ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗಬೇಕು, ಸಿಗದಿದ್ದರೆ ಸಾವು. ಟ್ಯಾಂಗ್ ಜಾತಿಗೆ ಈ ರೋಗ ತಗಲುವುದು ಹೆಚ್ಚು. ಅಲ್ಲದೆ ನೀಲಿ ಟ್ಯಾಂಗ್ ಒಂದಡಿಯವರೆಗೆ ಬೆಳೆಯುವ, ಸದಾ ಓಡಾಡುವ ಮೀನು. 200 ಲೀಟರಿನಲ್ಲಿ ಅದನ್ನಿಡಲು ಅಂಗಡಿಯವನು ಒಪ್ಪಿದ್ದೇ ತಪ್ಪು. ನೀಮೋ ಸಿನಿಮಾ ನೋಡಿದ ಮಕ್ಕಳಿಗೆ ಅದರಲ್ಲಿನ ನೀಲಿ ಟ್ಯಾಂಗ್ ಡೋರಿ ಬೇಕಲ್ಲ!

ಕೊನೆಯ ಜೋಡಿ ಐದನೇ ದಿನಕ್ಕೆ ಉಸಿರುಗಟ್ಟಿ ಹೋದದ್ದು ವೆಲ್ವೆಟ್ ಇರಬೇಕೆಂದು ನನ್ನ ಅಂದಾಜು. ಅಮೈಲೂಡಿನಿಯಂ ಎಂಬ ಇನ್ನೊಂದು ಪರಾವಲಂಬಿ ಕಿವಿರಿಗೇ ಮೊದಲು ಮುತ್ತುತ್ತದೆ, ಮೈಮೇಲೆ ಚುಕ್ಕೆ ಕಾಣುವ ಮೊದಲೇ ಮೀನು ಮುಗಿದಿರುತ್ತದೆ. ನೀಮೋಗಳಿಗೆ ಬರುವ ಬ್ರೂಕ್ಲಿನೆಲ್ಲಾ ಕೂಡ ಹೀಗೇ ಚುರುಕು, ಅದರಲ್ಲಿ ಮೈಮೇಲೆ ಲೋಳೆ ಕಿತ್ತು ಬರುತ್ತದೆ. ಪತ್ರದಲ್ಲಿ ಲೋಳೆಯ ಮಾತಿಲ್ಲ. ಯಾವುದೇ ಇರಲಿ, ಟ್ಯಾಂಗ್ ಬಿಟ್ಟುಹೋದ ಇಚ್ ಮರಳಿನಲ್ಲಿ ಇದ್ದೇ ಇದೆ, ಅದರ ಮೇಲೆ ಹೊಸದೊಂದು ಸೇರಿತು. ಮುಂದೆ ಎಷ್ಟೇ ಗಟ್ಟಿ ಮೀನು ತಂದರೂ ಈ ಟ್ಯಾಂಕು ತಿಂದುಹಾಕುತ್ತದೆ.

ಅದಕ್ಕೇ ಬೀಳು ಬಿಡುವುದು. ಬಸವಸಾಗರದ ಎಡದಂಡೆ ಕಾಲುವೆ ಬರುವ ಮೊದಲು ಸುರಪುರದ ಕಡೆ ರೈತ ಹೊಲವನ್ನು ಒಂದು ಹಂಗಾಮು ಸುಮ್ಮನೆ ಬಿಡುತ್ತಿದ್ದ ಹಾಗೆ, ಟ್ಯಾಂಕನ್ನು ಮೀನಿಲ್ಲದೆ ಬಿಡಬೇಕು. ಇಚ್‌ನ ಗೂಡು ಮರಳಿನಲ್ಲಿ ಜೀವ ಹಿಡಿದಿದ್ದ ಅತಿ ದೀರ್ಘ ದಾಖಲೆ 72 ದಿನ. ಹಾಗಾಗಿ ಹವ್ಯಾಸಿಗಳ ರೂಢಿ 76 ದಿನ. ಪಂಪು, ಫಿಲ್ಟರ್ ಓಡುತ್ತಿರಲಿ, ಶಂಖದ ಹುಳು, ಸೀಗಡಿ ಇದ್ದರೆ ಇರಲಿ, ಅವುಗಳ ಮೇಲೆ ಇಚ್ ಬದುಕುವುದಿಲ್ಲ. ಬ್ಯಾಕ್ಟೀರಿಯಾ ಉಪವಾಸ ಬೀಳದಂತೆ ಆಗಾಗ ಒಂದು ಚಿಟಿಕೆ ಮೀನಿನ ಕಾಳು ಹಾಕಿ. ಎರಡೂವರೆ ತಿಂಗಳು ಖಾಲಿ ಟ್ಯಾಂಕಿಗೆ ಲೈಟು ಹಚ್ಚಿ ಕೂರುವುದು ಕಷ್ಟ, ಬಂದ ನೆಂಟರು ‘ಮೀನ ಎಲ್ರಿ?’ ಎಂದು ಕೇಳಿಯೇ ಕೇಳುತ್ತಾರೆ. ಕೇಳಲಿ.

ಔಷಧ ಬೇಡವೇ ಎಂದರೆ, ಬೇಕು, ಆದರೆ ಬೇರೆ ತೊಟ್ಟಿಯಲ್ಲಿ. ತಾಮ್ರದ ಔಷಧಕ್ಕೆ ಇಚ್ ಮತ್ತು ವೆಲ್ವೆಟ್ ಎರಡೂ ಬಗ್ಗುತ್ತವೆ. ಅದನ್ನು ದೊಡ್ಡ ಟ್ಯಾಂಕಿಗೆ ಸುರಿದರೆ ಕಲ್ಲು, ಮರಳು ತಾಮ್ರವನ್ನು ಹೀರಿಕೊಳ್ಳುತ್ತವೆ, ಪ್ರಮಾಣ ನಿಲ್ಲುವುದಿಲ್ಲ, ಸೀಗಡಿ ಶಂಖಗಳು ಸಾಯುತ್ತವೆ. ‘ನಮ್ಮ ಟ್ಯಾಂಕಿನಲ್ಲಿ ಹವಳ ಇಲ್ಲವಲ್ಲ, ಹಾಕಿದರೇನು’ ಎನ್ನುವವರಿದ್ದಾರೆ. ಹವಳ ಇಲ್ಲದಿರುವುದು ಸರಿಯೇ. 2001ರ ಜುಲೈಯಲ್ಲಿ ದಿಬ್ಬ ಕಟ್ಟುವ ಹವಳಗಳನ್ನೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ ಸೇರಿಸಲಾಯಿತು, ಹುಲಿ ಇರುವ ಪಟ್ಟಿ ಅದು. ಹೊರದೇಶದ ಪತ್ರಿಕೆಗಳಲ್ಲಿ ಕಾಣುವ ಬಣ್ಣಬಣ್ಣದ ಹವಳದ ತೋಟವನ್ನು ಇಲ್ಲಿ ಮನೆಯಲ್ಲಿ ಬೆಳೆಸಲು ಹೋಗಬೇಡಿ. ಆದರೆ ಹವಳವಿಲ್ಲದ ಕಲ್ಲೂ ತಾಮ್ರ ಹೀರುತ್ತದೆ. ಅಂಗಡಿಯಲ್ಲಿ ಕೊಡುವ ನೀಲಿ ಔಷಧವನ್ನು ಟ್ಯಾಂಕಿಗೆ ಹನಿಸುವುದೂ ಬೇಡ, ಬೆಳೆದ ಬ್ಯಾಕ್ಟೀರಿಯಾ ಕೆಡುತ್ತದೆ.

ಈ 76 ದಿನದಲ್ಲಿ ಮಾಡಬೇಕಾದ ಕೆಲಸ ಒಂದಿದೆ. ನಲವತ್ತು ಲೀಟರಿನ ಇನ್ನೊಂದು ಗಾಜಿನ ತೊಟ್ಟಿ ತನ್ನಿ. ಅದಕ್ಕೆ ಮರಳು ಬೇಡ, ಕಲ್ಲು ಬೇಡ, ಅಡಗಲು ಒಂದೆರಡು ಪಿವಿಸಿ ಪೈಪಿನ ತುಂಡು, ಒಂದು ಸ್ಪಂಜ್ ಫಿಲ್ಟರ್ ಸಾಕು. ಸ್ಪಂಜನ್ನು ಈಗಿನ ಟ್ಯಾಂಕಿನಲ್ಲಿ ಇಟ್ಟು ಬ್ಯಾಕ್ಟೀರಿಯಾ ಹಿಡಿಸಿ, ಬೀಳು ಮುಗಿದ ಮೇಲೆ ಈ ಕಡೆ ತನ್ನಿ. ಇನ್ನು ಮುಂದೆ ಮನೆಗೆ ಬರುವ ಪ್ರತಿ ಮೀನೂ ಮೊದಲು ಇಲ್ಲಿ ಒಂದು ತಿಂಗಳು ಇರಬೇಕು. ಬಲೆ, ಬಕೆಟ್ ಈ ತೊಟ್ಟಿಗೂ ದೊಡ್ಡ ಟ್ಯಾಂಕಿಗೂ ಬೇರೆ ಬೇರೆ ಇರಲಿ. ಒದ್ದೆ ಬಲೆಯಲ್ಲೇ ರೋಗ ದಾಟುತ್ತದೆ.

ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಬೇಸಿಗೆ ಬಂದಿರುತ್ತದೆ. ಯಾದಗಿರಿ ಸೀಮೆಯ ಏಪ್ರಿಲ್ ಮೇ ಗೊತ್ತಲ್ಲ, ನಲವತ್ತು ದಾಟುವುದು ಮಾಮೂಲು. ನಮ್ಮ ಮೀನುಗಳಿಗೆ ಬೇಕಾದದ್ದು 25, 26 ಡಿಗ್ರಿ. ನೀರು ಕಾದಷ್ಟೂ ಅದರಲ್ಲಿ ಪ್ರಾಣವಾಯು ಕಡಿಮೆ, ಉಪ್ಪುನೀರಿನಲ್ಲಂತೂ ಸಿಹಿನೀರಿಗಿಂತ ಐದನೇ ಒಂದರಷ್ಟು ಕಡಿಮೆಯೇ ಇರುತ್ತದೆ. ಚಿಲ್ಲರ್ ಕೊಳ್ಳುವ ಶಕ್ತಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮಂಗಳೂರಿನವರಿಗೆ ಇಲ್ಲದ ಒಂದು ಅನುಕೂಲ ನಮಗಿದೆ, ಒಣಗಾಳಿ. ನೀರಿನ ಮೇಲ್ಮೈಗೆ ಒಂದು ಸಣ್ಣ ಫ್ಯಾನ್ ಇಟ್ಟರೆ ನೀರು ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ.

ಅದರ ಹಿಂದೆಯೇ ಒಂದು ಗುಂಡಿ ಇದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪು, 200 ಲೀಟರಿಗೆ 7 ಕೆಜಿ. ದಿನಕ್ಕೆ ನಾಲ್ಕು ಲೀಟರ್ ಆವಿಯಾಯಿತೆನ್ನಿ. ಅದನ್ನು ಉಪ್ಪುನೀರಿನಿಂದಲೇ ತುಂಬಿಸಿದರೆ ದಿನಕ್ಕೆ 140 ಗ್ರಾಂ ಉಪ್ಪು ಸೇರುತ್ತದೆ, ಹತ್ತು ದಿನಕ್ಕೆ 1.4 ಕೆಜಿ. 35 ಇದ್ದದ್ದು 42ಕ್ಕೆ ಏರಿತು. ಮೀನು ರೋಗವಿಲ್ಲದೆ ಸೊರಗುತ್ತದೆ, ಕಾರಣ ತಿಳಿಯುವುದಿಲ್ಲ. ಆವಿಯಾದದ್ದನ್ನು ಉಪ್ಪಿಲ್ಲದ ಆರ್‌ಒ ನೀರಿನಿಂದಲೇ, ದಿನವೂ ಸ್ವಲ್ಪ ಸ್ವಲ್ಪ ತುಂಬಿ. ಅಳೆಯಲು ರಿಫ್ರ್ಯಾಕ್ಟೋಮೀಟರ್ ಇರಲಿ, ಮುಳ್ಳು ತೇಲುವ ಪ್ಲಾಸ್ಟಿಕ್ಕಿನ ಮಾಪಕವನ್ನು ನಾನು ನಂಬುವುದಿಲ್ಲ.

ಕರೆಂಟ್ ಹೋದಾಗ ಬ್ಯಾಟರಿಯ ಏರ್‌ಪಂಪ್ ತಾನಾಗಿ ಓಡುವಂತಿರಬೇಕು. ಟ್ಯಾಂಕಿನ ನೀರು ನಿಂತರೆ ಮೀನೆಲ್ಲ ಸಾಯಲು ಬೇಸಿಗೆಯ ಒಂದು ರಾತ್ರಿ ಸಾಕು.

ಇನ್ನೊಂದು ಮಾತು, ಇದು ನಮ್ಮ ಸೀಮೆಯದೇ. ಏರ್‌ಪಂಪ್ ಎಳೆದುಕೊಳ್ಳುವುದು ಕೋಣೆಯ ಗಾಳಿಯನ್ನು. ಸೊಳ್ಳೆ ಬತ್ತಿ, ಸೊಳ್ಳೆ ಲಿಕ್ವಿಡ್, ಜಿರಳೆ ಸ್ಪ್ರೇ, ಇವುಗಳಲ್ಲಿರುವ ಪೈರೆಥ್ರಾಯ್ಡ್ ಮನುಷ್ಯರಿಗಿಂತ ಮೀನಿಗೆ, ಸೀಗಡಿಗೆ ಎಷ್ಟೋ ಪಾಲು ಮಾರಕ. ಹತ್ತಿಗೆ, ಮೆಣಸಿನಕಾಯಿಗೆ ಹೊಡೆಯುವ ಸೈಪರ್‌ಮೆಥ್ರಿನ್ ಕೂಡ ಅದೇ ಕುಲದ್ದು. ಹೊಲದಲ್ಲಿ ಎಣ್ಣೆ ಹೊಡೆದು ಬಂದ ಕೈ ಸೋಪು ಹಚ್ಚಿ ತೊಳೆದರೂ ಅವತ್ತು ಟ್ಯಾಂಕಿಗೆ ಇಳಿಯದಿರಲಿ. ಪಂಪನ್ನು ಕಿಟಕಿಯ ಹೊರಗಿನ ಗಾಳಿಗೆ ಇಟ್ಟವರು, ಪಕ್ಕದ ಹೊಲದಲ್ಲಿ ಎಣ್ಣೆ ಹೊಡೆಯುವ ದಿನ ಒಳಗೆ ತೆಗೆದುಕೊಳ್ಳಿ.

ಬೀಳು ಮುಗಿದ ಮೇಲೆ ಏನು ತರಬೇಕು? ಹ್ಯಾಚರಿಯಲ್ಲಿ ಹುಟ್ಟಿದ ಒಂದು ಜೋಡಿ ಕ್ಲೌನ್ ಮೀನು. ನಮ್ಮ ದೇಶದಲ್ಲೇ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಹಲವು ಜಾತಿಯ ಕ್ಲೌನ್ ಮೀನುಗಳ ಮರಿ ಮಾಡುವ ವಿಧಾನ ರೂಪಿಸಿದ್ದಾರೆ. ಸಮುದ್ರದಲ್ಲಿ ಹಿಡಿದು ತಂದ ಮೀನಿಗೆ ಪರಾವಲಂಬಿಗಳ ಕಾಟ ಹೆಚ್ಚು. ಫಿಲಿಪ್ಪೀನ್ಸ್ ಕಡೆ 1960ರ ದಶಕದಿಂದ ಸೈನೈಡ್ ಚಿಮುಕಿಸಿ ಮೀನನ್ನು ಮಂಪರು ಬೀಳಿಸಿ ಹಿಡಿಯುವುದೂ ನಡೆದುಬಂದಿದೆ, ಅಂಥ ಮೀನು ಅಂಗಡಿಯಲ್ಲಿ ಲಕಲಕ ಹೊಳೆದು ಮನೆಯಲ್ಲಿ ವಾರಗಳ ಮೇಲೆ ಸಾಯುತ್ತದೆ. ಚಿಟ್ಟೆಮೀನು, ಮ್ಯಾಂಡರಿನ್, ಮೂರಿಶ್ ಐಡಲ್, ಇವುಗಳ ಅಂದಕ್ಕೆ ಸೋಲಬೇಡಿ. ಚಿಟ್ಟೆಮೀನುಗಳಲ್ಲಿ ಹಲವಕ್ಕೆ ಜೀವಂತ ಹವಳವೇ ಊಟ, ಮ್ಯಾಂಡರಿನ್‌ಗೆ ಕಲ್ಲಿನ ಮೇಲಿನ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹುಳುವೇ ಊಟ, ನಮ್ಮ ಟ್ಯಾಂಕಿನಲ್ಲಿ ಎರಡೂ ಉಪವಾಸ ಸಾಯುತ್ತವೆ.

ಅಂಗಡಿಗೆ ಹೋದಾಗ ಮೀನಿಗೆ ನಿಮ್ಮ ಕಣ್ಣೆದುರೇ ಕಾಳು ಹಾಕಿಸಿ. ತಿನ್ನದಿದ್ದರೆ, ಅಂಗಡಿಯವರು ಎಷ್ಟೇ ಕಡಿಮೆ ಮಾಡಿದರೂ, ದುಡ್ಡು ಜೇಬಿನಲ್ಲೇ ಇಟ್ಟುಕೊಂಡು ವಾಪಸ್ ಬನ್ನಿ.