ಸುಡುವ ಮುನ್ನ ಓದಬೇಕಾದ ಹಬ್ಬ

ಸ್ಪೇನಿನ ವೆಲೆನ್ಸಿಯಾದಲ್ಲಿ ಮಾರ್ಚ್ 19ರ ರಾತ್ರಿ, ಸಂತ ಜೋಸೆಫರ ದಿನದಂದು, ಬೀದಿಬೀದಿಗೆ ಕಟ್ಟಿ ನಿಲ್ಲಿಸಿದ ನೂರಾರು ಗೊಂಬೆರಚನೆಗಳಿಗೆ ಬೆಂಕಿ ಇಡುತ್ತಾರೆ. ‘ಫಾಯಾಸ್’ ಎಂಬ ಈ ಹಬ್ಬಕ್ಕೆ ಹೊರಗಿನಿಂದ ಬರುವವರಲ್ಲಿ ಬಹಳ ಜನಕ್ಕೆ ಈ ಒಂದು ರಾತ್ರಿಯೇ ಹಬ್ಬ. ನನ್ನ ತಕರಾರು ಇರುವುದು ಅಲ್ಲೇ. ಬೆಂಕಿ ಇಲ್ಲಿ ಕಡೆಯ ತೀರ್ಪು. ವಾದವಿವಾದವೆಲ್ಲ ಅದಕ್ಕೂ ಮೊದಲಿನ ದಿನಗಳಲ್ಲಿ ಬೀದಿಯಲ್ಲೇ ಮುಗಿದಿರುತ್ತದೆ. ವಾದ ಕೇಳದೆ ತೀರ್ಪಿನ ಹೊತ್ತಿಗೆ ಬಂದು ನಿಂತವರು ದೊಡ್ಡದೊಂದು ಬೆಂಕಿಯನ್ನು ನೋಡುತ್ತಾರೆ, ಅಷ್ಟೇ. ಯಾರನ್ನು, ಯಾಕೆ ಸುಟ್ಟರು ಎಂಬುದು ಗೊತ್ತಾಗುವುದಿಲ್ಲ.

ನಗರದ ಸುಮಾರು ನಾನೂರು ಬಡಾವಣೆ ಸಮಿತಿಗಳು ವರ್ಷವಿಡೀ ದುಡ್ಡು ಕೂಡಿಸಿ, ಕಲಾವಿದರಿಗೆ ಕೆಲಸ ಒಪ್ಪಿಸಿ, ಮಾರ್ಚ್ 15ರ ಹೊತ್ತಿಗೆ ತಮ್ಮ ಓಣಿಯಲ್ಲಿ ಒಂದು ದೊಡ್ಡ ರಚನೆ, ಮಕ್ಕಳಿಗೆಂದು ಇನ್ನೊಂದು ಚಿಕ್ಕದನ್ನು ಎಬ್ಬಿಸುತ್ತವೆ. ಮಹಡಿ ಮನೆಗಳ ಎತ್ತರಕ್ಕೆ ಹೋಗುವ ನಡುವಿನ ಆಕೃತಿ ದೂರದಿಂದ ಕಣ್ಣು ಸೆಳೆಯುವುದಕ್ಕೆ. ಅಸಲಿ ಮಾತು ಇರುವುದು ಅದರ ಬುಡದಲ್ಲಿ. ಸುತ್ತಲೂ ‘ನಿನೋಟ್’ ಎಂಬ ಗೊಂಬೆಗಳ ಸಣ್ಣ ಸಣ್ಣ ದೃಶ್ಯಗಳು: ಲಂಚಕೋರ ರಾಜಕಾರಣಿ, ಮನೆ ಬಾಡಿಗೆ ಏರಿಸಿ ಕೊಬ್ಬಿದ ಮಾಲೀಕ, ಊರಿನ ಫುಟ್‌ಬಾಲ್ ಕ್ಲಬ್ಬಿನ ರಗಳೆ. ಪಕ್ಕದಲ್ಲೇ ವೆಲೆನ್ಸಿಯನ್ ಭಾಷೆಯಲ್ಲಿ ನಾಲ್ಕು ಸಾಲಿನ ಕುಟುಕು ಪದ್ಯ ಬರೆದ ಹಲಗೆ. ಒಂದು ಸುತ್ತು ಬಂದು, ಬಗ್ಗಿ ಓದಿದರೆ ಮಾತ್ರ ನಗು ಹತ್ತುತ್ತದೆ. ಫ್ರಾಂಕೋನ ಸರ್ವಾಧಿಕಾರದಲ್ಲಿ ಈ ರಚನೆಗಳ ನಕ್ಷೆಯನ್ನೂ ಬರಹವನ್ನೂ ಮೊದಲೇ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು. ಬರೀ ಬೆಂಕಿಯಾಟಕ್ಕೆ ಯಾವ ಸರ್ಕಾರವೂ ಹೀಗೆ ಹೆದರುವುದಿಲ್ಲ. ಬಡಗಿಗಳು ಚಳಿಗಾಲದ ದೀಪದ ಕಂಬಗಳನ್ನು ಸುಟ್ಟದ್ದೇ ಹಬ್ಬದ ಮೂಲ ಎನ್ನುವ ಕತೆ ಎಲ್ಲ ಕೈಪಿಡಿಗಳಲ್ಲೂ ಇದೆ. ಕತೆ ಚೆನ್ನಾಗಿದೆ, ಆದರೆ ಹಬ್ಬದ ಈ ನಾಲಿಗೆ ಎಲ್ಲಿಂದ ಬಂತೆಂದು ಅದು ಹೇಳುವುದಿಲ್ಲ.

ಆ ನಾಲಿಗೆಯ ಹರಿತ ಈಗ ಮೊದಲಿನಷ್ಟಿಲ್ಲ ಎಂಬುದೂ ನಿಜ, ಮತ್ತು ಅದರ ಹೊಣೆಯನ್ನೆಲ್ಲ ಪ್ರವಾಸಿಗರ ತಲೆಗೆ ಕಟ್ಟುವಂತಿಲ್ಲ. 1901ರಲ್ಲಿ ನಗರಸಭೆ ಬಹುಮಾನ ಕೊಡತೊಡಗಿದ ಮೇಲೆ ಎತ್ತರ, ನಯ, ಬಣ್ಣ ಎಲ್ಲಕ್ಕೂ ಪೈಪೋಟಿ ಹುಟ್ಟಿತು. ಇಂದು ‘ಚಾತುರ್ಯ ಮತ್ತು ಹಾಸ್ಯ’ಕ್ಕೆ ಪ್ರತ್ಯೇಕ ಬಹುಮಾನವೇ ಇದೆ; ಅಂದರೆ ಹಬ್ಬದ ಜೀವವಾಗಿದ್ದುದು ಈಗ ಒಂದು ವಿಭಾಗ. ಇದಕ್ಕಿಂತ ಒಳ್ಳೆಯ ಸಾಕ್ಷಿ ಫಾಯಾಸ್ ವಸ್ತುಸಂಗ್ರಹಾಲಯದಲ್ಲಿದೆ. 1934ರಿಂದ ಜನ ವೋಟು ಹಾಕಿ ಒಂದು ಗೊಂಬೆಯನ್ನು ಬೆಂಕಿಯಿಂದ ಉಳಿಸುವ ಪದ್ಧತಿ ಇದೆ. ಮೊದಲ ವರ್ಷ ಉಳಿದದ್ದು ಅಜ್ಜಿ ಮತ್ತು ಮೊಮ್ಮಗಳು. ಆಮೇಲೂ ಮುದುಕರು, ಮಕ್ಕಳು, ಹಳೆಯ ಕಸುಬಿನವರು ಮತ್ತೆ ಮತ್ತೆ ಗೆದ್ದಿದ್ದಾರೆ. ಅಕ್ಕರೆ ಹುಟ್ಟಿಸುವುದನ್ನು ಜನ ಉಳಿಸಿಕೊಂಡಿದ್ದಾರೆ, ಚುಚ್ಚುವುದನ್ನು ಬೆಂಕಿಗೆ ಬಿಟ್ಟಿದ್ದಾರೆ. ಹಾಗಾಗಿ ಸಂಗ್ರಹಾಲಯ ನೋಡಿ ಹಬ್ಬವನ್ನು ಅಳೆಯಹೊರಟರೆ ಹಬ್ಬದ ಅರ್ಧವೇ, ಅದೂ ಮೆದುವಾದ ಅರ್ಧವೇ, ಸಿಗುವುದು.

ಭಾಷೆ ಬಾರದ ಅತಿಥಿ ಹಲಗೆಯನ್ನು ಓದುವುದು ಹೇಗೆ ಎಂದು ಕೇಳಬಹುದು. ಪೂರ್ತಿ ಓದಲಾಗುವುದಿಲ್ಲ, ಒಪ್ಪಿದೆ. ಆದರೆ ಗೊಂಬೆಯ ಮುಖದಲ್ಲಿ ವ್ಯಂಗ್ಯದ ಅರ್ಧ ಪಾಲು ಇದ್ದೇ ಇರುತ್ತದೆ, ಉಳಿದದ್ದನ್ನು ಪಕ್ಕದಲ್ಲಿ ನಿಂತು ನಗುತ್ತಿರುವವರನ್ನೇ ಕೇಳಬಹುದು. ಭಾಷೆಯ ಹಂಗೇ ಇಲ್ಲದ್ದೂ ಒಂದಿದೆ. ಮಾರ್ಚ್ 1ರಿಂದ ದಿನಾ ಮಧ್ಯಾಹ್ನ ಎರಡಕ್ಕೆ ನಗರಸಭೆಯ ಚೌಕದಲ್ಲಿ ನಡೆಯುವ ‘ಮಸ್ಕ್ಲೆತಾ’ ಹಾಡುಹಗಲಿನ ಪಟಾಕಿ. ಅದು ಕಣ್ಣಿಗಲ್ಲ, ಕಿವಿಗೆ. ಲಯ ಏರುತ್ತಾ ಹೋಗಿ ಕೊನೆಗೆ ನೆಲವೇ ನಡುಗುತ್ತದೆ. ಊರಿನವರು ಅದನ್ನು ಕಚೇರಿ ಕೇಳಿದವರ ಹಾಗೆ ಚರ್ಚಿಸುತ್ತಾರೆ. ಅತಿಥಿ ತನ್ನ ಪಾತ್ರ ಮರೆತರೆ ಏನಾಗುತ್ತದೆ ಎನ್ನುವುದಕ್ಕೆ ಅದೇ ಪ್ರಾಂತದ ಬುನ್ಯೋಲ್ ಊರು ಉದಾಹರಣೆ. 2011ರ ‘ಜಿಂದಗಿ ನಾ ಮಿಲೇಗಿ ದೊಬಾರಾ’ ಚಿತ್ರದಿಂದ ನಮ್ಮವರಿಗೂ ಪರಿಚಿತವಾದ ಅಲ್ಲಿನ ಟೊಮೆಟೊ ಕಾಳಗಕ್ಕೆ ನೂಕುನುಗ್ಗಲು ಎಷ್ಟಾಯಿತೆಂದರೆ 2013ರಿಂದ ಟಿಕೆಟ್ ಇಡಬೇಕಾಯಿತು. ಅಲ್ಲಿ ಬಂದವನೇ ಆಟಗಾರ, ಓದಲು ಏನೂ ಇಲ್ಲ. ಫಾಯಾಸ್ ಆ ದಾರಿ ಹಿಡಿಯದಿದ್ದರೆ ಅದಕ್ಕೆ ಕಾರಣ ಹಬ್ಬದ ಯಜಮಾನಿಕೆ ಇನ್ನೂ ಓಣಿಯ ಸಮಿತಿಗಳ ಕೈಯಲ್ಲಿರುವುದು. 2016ರ ಯುನೆಸ್ಕೊ ಮನ್ನಣೆಗಿಂತ ಇದೇ ದೊಡ್ಡ ಕಾವಲು.

ಇಷ್ಟೆಲ್ಲ ಖರ್ಚು ಮಾಡಿ ಸುಡುವುದು ದುಂದು ಎನ್ನುವವರಿಗೆ ಉತ್ತರ ಸುಲಭ: ಸುಡುವುದರಿಂದಲೇ ಬರುವ ವರ್ಷ ಮತ್ತೆ ಕಟ್ಟಬೇಕಾಗುತ್ತದೆ, ಕಲಾವಿದರ ಒಂದು ಕಸುಬೇ ಅದರ ಮೇಲೆ ನಿಂತಿದೆ. ಹೊಗೆಯ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಜವಾಬಿಲ್ಲ. ಮರ, ಮೇಣ, ಕಾಗದದ ಅಚ್ಚು ಇದ್ದ ಕಡೆ ಪಾಲಿಸ್ಟೈರೀನ್ ಬಂದ ಮೇಲೆ ಏಳುವುದು ಕಪ್ಪು, ವಿಷದ ಹೊಗೆ. ದೈತ್ಯ ಗಾತ್ರಕ್ಕೂ ನುಣುಪಿಗೂ ಅದು ಅಗ್ಗದ ದಾರಿ, ಅಂದರೆ ಇದೂ ಆ ಪೈಪೋಟಿಯ ಕೂಸೇ. ಕೆಲವರು ಮತ್ತೆ ಮರದತ್ತ, ಭತ್ತದ ಹುಲ್ಲಿನತ್ತ ತಿರುಗಿರುವುದು ಒಳ್ಳೆಯದು. ಆದರೆ ತೀರ್ಪುಗಾರರು ಗಾತ್ರಕ್ಕೇ ಮಣೆ ಹಾಕುತ್ತಿದ್ದರೆ ಅವರು ಗೆಲ್ಲುವುದು ಕಷ್ಟ. ಅತಿಥಿಯ ಆಯ್ಕೆಗೂ ಇಲ್ಲಿ ತೂಕವಿದೆ. ಕಡೆಯ ರಾತ್ರಿ ನಗರಸಭೆಯ ಚೌಕದ ಬೇಲಿಯಾಚೆ ಮೊಬೈಲ್ ಎತ್ತಿ ನಿಲ್ಲುವ ಬದಲು, ಹಗಲಲ್ಲಿ ಹಲಗೆ ಓದಿ ಬಂದ ಯಾವುದಾದರೊಂದು ಬಡ ಓಣಿಯ ಸಣ್ಣ ರಚನೆಯ ಮುಂದೆ ನಿಲ್ಲುವುದೇ ಮೇಲು.